ಅತ್ತೆಯ ಸ್ನಾನ, ಬಟ್ಟೆ, ಹಲ್ಲು, ಕಕ್ಕಸು: ಡಿಮೆನ್ಷಿಯಾ ಇರೋರಿಗೆ ದಿನದ ಕ್ರಮ ಹೇಗೆ ಬರೆದಿಡೋದು?

ಹೊಸನಗರದ_ಸೊಸೆ
ನಮಸ್ಕಾರ. ಅತ್ತೆಗೆ 76. ಡಿಮೆನ್ಷಿಯಾ (ಮರೆವಿನ ಕಾಯಿಲೆ), ಮಧ್ಯದ ಹಂತ. ನಡೀತಾರೆ, ಮಾತಾಡ್ತಾರೆ, ತಟ್ಟೆಗೆ ಬಡಿಸಿದ್ರೆ ಅವರೇ ಉಣ್ತಾರೆ. ಸ್ನಾನ ಅಂದ್ರೆ "ಬೆಳಗ್ಗೇನೇ ಆಯ್ತಲ್ಲೇ" ಅಂತಾರೆ, ತಲೆಗೆ ನೀರು ಬಿದ್ದ ಕೂಡ್ಲೆ ಕೈ ಬೀಸ್ತಾರೆ. ಸೀರೆ ಮೇಲೆ ಇನ್ನೊಂದು ಸೀರೆ ಉಡ್ತಾರೆ. ಹಲ್ಲಿನ ಸೆಟ್ಟು ತೆಗೆಯೋಕೆ ಬಿಡಲ್ಲ. ಬಚ್ಚಲು, ಕಕ್ಕಸು ಎರಡೂ ಮನೆ ಹಿಂದೆ, ಕೊಟ್ಟಿಗೆ ಪಕ್ಕ. ಅಡಿಕೆ ಕೊಯ್ಲು ಶುರುವಾದ್ರೆ ನಾನು, ನಾದಿನಿ, ಹಗಲು ಬರೋ ಹೆಂಗಸು, ಮೂರು ಜನ ಕೈ ಬದಲಾಯಿಸ್ತಾ ನೋಡ್ಕೋಬೇಕು. ಒಂದೇ ಹಾಳೇಲಿ ಬರೆದು ಗೋಡೆಗೆ ಅಂಟಿಸೋ ಥರ ಬೇಕು. ಏನು ಬರೀಲಿ? ಉಪದೇಶ ಬೇಡ, ಕೆಲಸದ ಮಾತು ಬೇಕು.

ಅಡಿಕೆಹಾಳೆ
ಮೊದಲು ಹೊತ್ತು ಬದಲಿಸಿ. ಬೆಳಗ್ಗೆ ಏಳಕ್ಕೆ ಎಂತ ಸ್ನಾನ ಮಾರಾಯ್ರೆ, ಆ ಚಳೀಲಿ.

ಬಿಳಿಕೋಟು_ಸಾಗರ
ಅಕ್ಕಾ, ಗಡಿಯಾರದಿಂದ ಶುರು ಮಾಡ್ಬೇಡಿ, ಅವರಿಂದ ಶುರು ಮಾಡಿ. ಹಾಳೆಯ ಮೇಲ್ಗಡೆ ಅವರ ಹಳೇ ಕ್ರಮ ಬರೀರಿ. ಐವತ್ತನೇ ವಯಸ್ಸಲ್ಲಿ ಅವರು ಯಾವಾಗ ಮೀತಿದ್ರು? ತಿಂಡಿಗೆ ಮುಂಚೆಯೋ, ಕೊಟ್ಟಿಗೆ ಕೆಲಸ ಮುಗಿಸಿಯೋ? ದಿನಾ ತಲೆಗೆ ಹಾಕ್ಕೊತಿದ್ರೋ, ಮಂಗಳವಾರ ಶುಕ್ರವಾರ ಮಾತ್ರವೋ? ಹಲ್ಲು ಮೊದಲೋ ಕಾಫಿ ಮೊದಲೋ? ಹೊಸದಾಗಿ ಕಲಿಯೋ ಶಕ್ತಿ ಹೋದ ಮೇಲೂ ಕೈಗೆ ರೂಢಿಯಾದ ಕೆಲಸ ತುಂಬಾ ದಿನ ಉಳಿಯುತ್ತೆ. ಅದನ್ನ ಹಿಡ್ಕೊಂಡು ಹೋದ್ರೆ ಅರ್ಧ ಜಗಳ ಕಮ್ಮಿ.

ಆಮೇಲೆ ಒಂದೊಂದು ಕೆಲಸಕ್ಕೂ ಎಷ್ಟು ಸಹಾಯ ಬೇಕು ಅಂತ ಗುರುತು ಹಾಕಿ. ಮಾತಲ್ಲಿ ಹೇಳಿದ್ರೆ ಸಾಕಾ, ಮಾಡಿ ತೋರಿಸ್ಬೇಕಾ, ಕೈ ಮುಟ್ಟಿ ಶುರು ಮಾಡಿಸ್ಬೇಕಾ, ಅವರ ಕೈ ಮೇಲೆ ನಮ್ಮ ಕೈ ಇಟ್ಟು ಮಾಡಿಸ್ಬೇಕಾ, ನಾವೇ ಮಾಡ್ಬೇಕಾ. ಈ ಐದು ಮೆಟ್ಟಿಲು. ಮೂರು ಜನ ನೋಡ್ಕೊಳ್ಳೋ ಕಡೆ ಯಾವಾಗಲೂ ಆಗೋ ತಪ್ಪು ಅಂದ್ರೆ, ಅವಸರಕ್ಕೆ ಒಬ್ಬರು ಎಲ್ಲಾ ತಾವೇ ಮಾಡಿಬಿಡೋದು. ವಾರ ಎರಡು ವಾರ ಹಾಗೆ ಮಾಡಿದ್ರೆ ಮುಖ ತೊಳ್ಕೊಳ್ಳೋದೂ ಬಿಟ್ಟುಬಿಡ್ತಾರೆ, ಅದು ವಾಪಸ್ ಬರೋದು ಕಷ್ಟ.

ತುಂಗಾತೀರ
ಸ್ನಾನ ದಿನಾ ಆಗ್ಲೇಬೇಕು ಅನ್ನೋದೇ ಮೊದಲ ತಪ್ಪು. ವಾರಕ್ಕೆ ಎರಡು ಮೂರು ಸಲ ಪೂರ್ತಿ ಸ್ನಾನ ಸಾಕು. ಉಳಿದ ದಿನ ಮುಖ, ಕಂಕುಳು, ಎದೆ ಕೆಳಗಿನ ಮಡಿಕೆ, ತೊಡೆಸಂದು, ಗುಪ್ತಾಂಗ, ಕಾಲ್ಬೆರಳ ಸಂದಿ ತೊಳೆದು ಒರೆಸಿದ್ರೆ ಚರ್ಮಕ್ಕೇನೂ ಆಗಲ್ಲ. ವಯಸ್ಸಾದ ಚರ್ಮಕ್ಕೆ ದಿನಾ ಸೋಪು ಬೇಡವೇ ಬೇಡ, ಒಣಗಿ ತುರಿಕೆ ಬರುತ್ತೆ.

ಜೋಯಿಸರ_ಮನೆ
ದಿನಾ ಸ್ನಾನ ಬೇಡ ಅಂತ ನೀವು ಹೇಳಿದ್ರಾಯ್ತಾ? ಅವರು ಮಡಿ ಹೆಂಗಸಾದ್ರೆ? ಸ್ನಾನ ಆಗದೆ ದೇವರ ಕೋಣೆಗೆ ಹೋಗಲ್ಲ ಅಂತ ಕೂತ್ರೆ ಏನ್ಮಾಡ್ತೀರಿ?

ತುಂಗಾತೀರ
ಹಾಗಿದ್ರೆ ಇನ್ನೂ ಸುಲಭವಲ್ವಾ. ಅವರಿಗೆ ಬೇಕು ಅಂದ್ರೆ ದಿನಾ ಮಾಡಿಸಿ. ನಾನು ಹೇಳಿದ್ದು ಬೇಡ ಅನ್ನೋರಿಗೆ. ಮಡಿಯವರಿಗೆ "ಸ್ನಾನ ಮಾಡಿ" ಅನ್ನೋ ಬದಲು "ದೇವರ ನೀರು ಕಾದಿದೆ, ಮಡಿ ಇಟ್ಟಿದೀನಿ" ಅಂದ್ರೆ ಎದ್ದು ಬರ್ತಾರೆ. ತೊಂದರೆ ಬೇರೆ ಕಡೆ ಇದೆ: ಆದದ್ದು ಮರೆತು ದಿನಕ್ಕೆ ನಾಲ್ಕು ಸಲ ಮೀಯೋಕೆ ಹೊರಡ್ತಾರೆ. ಆಗ ಒದ್ದೆ ಟವೆಲ್ ಎದುರಿಗೆ ಕಾಣೋ ಹಾಗೆ ನೇತುಹಾಕಿ, ಕೈಕಾಲು ತೊಳೆಸಿ ಕುಂಕುಮ ಕೊಡಿ.

ಬಚ್ಚಲೊಲೆ
ಸ್ನಾನದ ಭಾಗ ನಾನು ಬರೀತೀನಿ, ಹಾಳೆ ಹಿಂದೆ ಹಾಗೇ ಇಳಿಸ್ಕೊಳ್ಳಿ.

ಹೊತ್ತು ಹತ್ತೂವರೆ ಹನ್ನೊಂದು. ಬಿಸಿಲೇರಿರುತ್ತೆ, ತಿಂಡಿ ಆಗಿರುತ್ತೆ, ಸುಸ್ತಿರಲ್ಲ. ಸಾಯಂಕಾಲ ನಾಲ್ಕರ ಮೇಲೆ ಬೇಡ. ಕತ್ತಲಾಗ್ತಾ ತಳಮಳ ಜಾಸ್ತಿ ಆಗೋದು ಈ ಕಾಯಿಲೆಯ ಗುಣ. ಮೊದಲು ಕಕ್ಕಸಿಗೆ ಕೂರಿಸಿ. ಹೊಟ್ಟೆ ತುಂಬಿ ಅವಸರ ಆಗ್ತಿರೋರು ಬಚ್ಚಲಲ್ಲಿ ನಿಲ್ಲಲ್ಲ, ಅದನ್ನ ನಾವು ಹಟ ಅನ್ಕೊತೀವಿ.

ಅವರನ್ನ ಕರೆಯೋ ಮುಂಚೆ ಎಲ್ಲಾ ರೆಡಿ ಇರ್ಬೇಕು. ಎರಡು ದೊಡ್ಡ ಟವೆಲ್ ಒಲೆ ಮೇಲಿನ ಗಳಕ್ಕೆ ಹಾಕಿ ಬೆಚ್ಚಗಿರಲಿ. ಉಡೋ ಬಟ್ಟೆ ಹಾಕೋ ಕ್ರಮದಲ್ಲೇ ಜೋಡಿಸಿ, ಒಳಗಿನದು ಮೇಲೆ. ಅರ್ಧಕ್ಕೆ ಅವರನ್ನ ಬಿಟ್ಟು ಸೋಪು ತರೋಕೆ ಓಡಿದ್ರೆ ಬೀಳೋದು ಆವಾಗ್ಲೇ.

ಹಂಡೆ ನೀರಿನ ವಿಷಯ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯದ್ದು. ಉಲ್ಟಾ ಮಾಡ್ಬೇಡಿ. ಬಿಸಿ ತುಂಬಿದ ಬಕೆಟಿಗೆ ಅವರು ಕೈ ಅದ್ದಿದ್ರೆ ಮುಗೀತು, ಬಿಸಿ ಅಂತ ಗೊತ್ತಾಗಿ ಕೈ ತೆಗೆಯೋದೂ ನಿಧಾನ. 37, 38 ಡಿಗ್ರಿ ಸಾಕು. ಥರ್ಮಾಮೀಟರ್ ಇಲ್ಲದಿದ್ರೆ ಮೊಣಕೈ ಅದ್ದಿ ನೋಡಿ, ಅಂಗೈ ನಂಬ್ಬೇಡಿ. ದಿನಾ ಬಿಸಿ ಪಾತ್ರೆ ಮುಟ್ಟೋ ಅಂಗೈಗೆ ಬಿಸಿ ಅಂದಾಜು ಸಿಗಲ್ಲ.

ತಲೆಗೆ ನೀರು ಮೊದಲು ಹಾಕೋದೇ ಕೈ ಬೀಸೋಕೆ ಕಾರಣ. ಮೇಲಿಂದ ಎಲ್ಲಿಂದಲೋ ಏನೋ ಬಿತ್ತು ಅಂತ ಮಾತ್ರ ಗೊತ್ತಾಗುತ್ತೆ ಅವರಿಗೆ. ಕಾಲಿಂದ ಶುರು ಮಾಡಿ. ಹೊರಗಿಂದ ಬಂದು ಕಾಲು ತೊಳೆಯೋದು ನಮ್ಮ ಕಡೆ ಹುಟ್ಟಿದಾಗಿಂದ ಬಂದ ಅಭ್ಯಾಸ. ಮೊದಲ ತಂಬಿಗೆ ಅವರ ಕೈಗೇ ಕೊಡಿ, ಅವರೇ ಪಾದಕ್ಕೆ ಹಾಕ್ಕೊಳ್ಳಲಿ. ಆಮೇಲೆ ಮೊಣಕಾಲು, ಕೈ, ಬೆನ್ನು. ಮುಖ, ತಲೆ ಕೊನೇಗೆ, ಇಲ್ಲಾ ಬೇರೆ ದಿನ. ತಲೆ ತೊಳೆಯುವಾಗ ಹಣೆಗೆ ಒಣ ಬಟ್ಟೆ ಒತ್ತಿ ಹಿಡೀರಿ, ಕಣ್ಣಿಗೆ ನೀರು ಇಳಿಯಲ್ಲ.

ಪೂರ್ತಿ ಬಟ್ಟೆ ಬಿಚ್ಚಿಸ್ಬೇಡಿ. ಒಂದು ಟವೆಲ್ ಭುಜಕ್ಕೆ, ಒಂದು ತೊಡೆ ಮೇಲೆ. ಟವೆಲ್ ಎತ್ತಿ ಅಷ್ಟು ಭಾಗ ತೊಳೆದು ಮತ್ತೆ ಮುಚ್ಚಿ. ಒದ್ದೆಯಾದ್ರೆ ಆಗ್ಲಿ, ಮುಚ್ಚಿದ್ರೆ ಸಾಕು. ಸೋಪು ಕಂಕುಳು, ತೊಡೆಸಂದು, ಪಾದ ಅಷ್ಟಕ್ಕೇ. ಎಲ್ಲಾ ಸೇರಿ ಹದಿನೈದು ನಿಮಿಷ ದಾಟ್ಬಾರ್ದು. ಮುಗಿದ ಕೂಡ್ಲೆ ಎಬ್ಬಿಸ್ಬೇಡಿ, ಬಿಸಿನೀರು ಬಿದ್ದ ಮೇಲೆ ಎದ್ದು ನಿಂತ್ರೆ ಬಿಪಿ ಇಳಿದು ತಲೆ ತಿರುಗುತ್ತೆ. ಕೂತಲ್ಲೇ ಒರೆಸಿ, ಎರಡು ನಿಮಿಷ ಬಿಟ್ಟು ಎಬ್ಬಿಸಿ.

ಕೊಪ್ಪದ_ಕೂಸು
ತಂಬಿಗೆ ಅವರ ಕೈಗೆ ಕೊಡೋದು ಬಂಗಾರದಂಥಾ ಮಾತು. ಕೈ ಬೀಸೋರಿಗೆ ಕೈಲೇನಾದ್ರೂ ಇರ್ಬೇಕು. ಇನ್ನೊಂದು ಕೈಗೆ ಒಗೆದ ಚೌಕ ಕೊಡಿ.

ಜಡಿಮಳೆ
ಸೋಲಾರ್ ಹಾಕಿಸಿದ್ರೆ ಈ ಹಂಡೆ ತಾಪತ್ರಯ ಎಲ್ಲಾ ಇರಲ್ಲ.

ಬಚ್ಚಲೊಲೆ
ಆಷಾಢದಲ್ಲಿ ಆಗುಂಬೆ ಕಡೆ ಸೋಲಾರ್ ಎಷ್ಟು ಕಾಯುತ್ತೆ ಅಂತ ಹೇಳಿ ಸ್ವಾಮಿ.

ಜಡಿಮಳೆ
ಗ್ಯಾಸ್ ಗೀಸರ್ ಆದ್ರೂ ಇದೆಯಲ್ಲ. ಒಲೆ ಹೊಗೆಗೆ ವಯಸ್ಸಾದೋರು ಕೆಮ್ಮೋದು ಕಾಣಲ್ವಾ ನಿಮಗೆ?

ಬಿಳಿಕೋಟು_ಸಾಗರ
ಗ್ಯಾಸ್ ಗೀಸರ್ ಬಚ್ಚಲ ಒಳಗೆ ಇಡಲೇಬೇಡಿ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಉಸಿರು ಹೋಗುತ್ತೆ. ವಾಸನೆ ಇಲ್ಲ, ಕಣ್ಣಿಗೂ ಕಾಣಲ್ಲ. ಗೀಸರ್ ಹೊರಗೋಡೆಗೆ, ಒಳಗೆ ಬರೀ ಪೈಪು. ಇದೇ ಮಾತು ಬಚ್ಚಲೊಲೆಗೂ ಅನ್ವಯ: ಉರಿ ಬಾಯಿ ಹೊರಗಡೆ ಇರೋ ಒಲೆ ಸೈ. ಒಳಗೇ ಕೆಂಡ ಇಟ್ಟು ಕದ ಹಾಕೋದು ಬೇಡ.

ಫಿಸಿಯೋ_ಭದ್ರಾವತಿ
ಮಣೆ ಮೇಲೆ ಕೂರಿಸ್ಬೇಡಿ. ಅಷ್ಟು ತಗ್ಗಿಂದ ಎಬ್ಬಿಸುವಾಗ ನಿಮ್ಮ ಸೊಂಟ, ಅವರ ಮಂಡಿ ಎರಡೂ ಹೋಗ್ತವೆ. ಪ್ಲಾಸ್ಟಿಕ್ ಸ್ಟೂಲೂ ಬೇಡ, ಒದ್ದೆ ನೆಲದಲ್ಲಿ ಜಾರುತ್ತೆ. ಕೈಪಿಡಿ ಇರೋ, ನಾಲ್ಕು ಕಾಲಿಗೂ ರಬ್ಬರ್ ಬುಷ್ ಇರೋ ಕುರ್ಚಿ, ಸುಮಾರು 45 ಸೆಂಟಿಮೀಟರ್ ಎತ್ತರ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ಮಂಡಿ ಲಂಬಕೋನದಲ್ಲಿ ಮಡಚಿರ್ಬೇಕು. ಬುಷ್ ಸವೆದಿದ್ಯಾ ಅಂತ ತಿಂಗಳಿಗೊಮ್ಮೆ ನೋಡಿ.

ಗೋಡೆಗೆ ಹಿಡಿ ಹಾಕಿಸುವಾಗ ಒಂದು ಎಚ್ಚರ. ನಮ್ಮ ಕಡೆ ಹಳೇ ಮನೆ ಗೋಡೆ ಜಂಬಿಟ್ಟಿಗೆ, ಇಲ್ಲಾ ಮಣ್ಣು. ಅಂಗಡಿಯವರು ಕೊಡೋ ಪ್ಲಾಸ್ಟಿಕ್ ಗುಟ್ಕ ಹೊಡೆದು ಸ್ಕ್ರೂ ಬಿಗಿದ್ರೆ ಭಾರ ಬಿದ್ದಾಗ ಕಿತ್ತು ಬರುತ್ತೆ, ಹಿಡಿ ಸಮೇತ ಬೀಳ್ತಾರೆ. ಗೋಡೆ ತೂತು ಮಾಡಿ ಬೋಲ್ಟ್ ಆಚೆಗೆ ಹಾಯಿಸಿ, ಆಚೆ ಕಡೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿಸಿ. ಪೈಪು 32ರಿಂದ 38 ಮಿಲಿಮೀಟರ್ ದಪ್ಪ ಇದ್ರೆ ಮುಷ್ಟಿಗೆ ಕೂರುತ್ತೆ. ಟವೆಲ್ ರಾಡನ್ನ ಹಿಡಿ ಅಂತ ಬಳಸೋ ಮನೆಗಳಿಗೆ ಏನು ಹೇಳೋದು.

ಬಚ್ಚಲು, ಕಕ್ಕಸಿನ ಒಳಚಿಲಕ ಇವತ್ತೇ ಕಿತ್ತುಹಾಕಿ.

ಅಡಿಕೆಹಾಳೆ
ಕಲ್ಲು ಹಾಸಿನ ಪಾಚಿ ಮರೆತ್ರಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಕಡ್ಡಿ ಹಿಡಿಯಲ್ಲಿ ತಿಕ್ಕಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ಆಸಿಡ್ ಜೊತೆ ಬೆರೆಸ್ಬೇಡಿ, ವಿಷಗಾಳಿ ಬರುತ್ತೆ.

ಜೋಯಿಸರ_ಮನೆ
ಎಣ್ಣೆಸ್ನಾನ ಯಾರೂ ಹೇಳ್ಲಿಲ್ಲ. ಕಾಯೆಣ್ಣೆ ಬೆಚ್ಚಗೆ ಮಾಡಿ ತಲೆಗೆ ಮೈಗೆ ಹಚ್ಚಿ ಅರ್ಧ ಗಂಟೆ ಬಿಟ್ರೆ ಯಾರೂ ಬೇಡ ಅನ್ನಲ್ಲ, ಸಮಾಧಾನ ಆಗ್ತಾರೆ.

ಫಿಸಿಯೋ_ಭದ್ರಾವತಿ
ಎಣ್ಣೆ ಮೈಯವರನ್ನ ಒದ್ದೆ ಕಲ್ಲಿನ ಮೇಲೆ ನಡೆಸೋದಾ? ಜಾರಿದ್ರೆ ಹಿಡಿಯೋಕೂ ಕೈ ನಿಲ್ಲಲ್ಲ. ತೊಡೆಮೂಳೆ ಮುರಿದ್ರೆ ಈ ಕಾಯಿಲೆಯವರು ಮತ್ತೆ ಮೊದಲಿನ ಹಾಗೆ ಓಡಾಡೋದು ಕಷ್ಟ.

ಜೋಯಿಸರ_ಮನೆ
ಪಾದಕ್ಕೆ ಹಚ್ಚದೆ ಇದ್ರಾಯ್ತು.

ಬಿಳಿಕೋಟು_ಸಾಗರ
ಇಬ್ಬರದ್ದೂ ಸರಿ. ಎಣ್ಣೆ ಸ್ನಾನ ಆದ ಮೇಲೆ ಹಚ್ಚಿ. ಮೈ ಇನ್ನೂ ಸ್ವಲ್ಪ ಹಸಿ ಇರುವಾಗ ಒಂದು ಚಮಚ ಕಾಯೆಣ್ಣೆ ಕೈಕಾಲು ಬೆನ್ನಿಗೆ, ಕೂತಲ್ಲೇ. ಅಂಗಾಲಿಗೆ ಬೇಡ. ಕಾಲ್ಬೆರಳ ಸಂದಿ, ತೊಡೆಸಂದಿಗೂ ಬೇಡ. ನಮ್ಮ ಮಳೆಗಾಲದಲ್ಲಿ ಅಲ್ಲಿ ತೇವ ನಿಂತ್ರೆ ಫಂಗಸ್ ಗ್ಯಾರಂಟಿ.

ಇನ್ನೊಂದು, ಯಾರೂ ಗಮನಿಸದ ವಿಷಯ. ರಿವಾಸ್ಟಿಗ್ಮಿನ್ ಪಟ್ಟಿ (ಡಿಮೆನ್ಷಿಯಾಕ್ಕೆ ಚರ್ಮದ ಮೇಲೆ ಅಂಟಿಸೋ ಔಷಧಿ) ಹಚ್ಚೋರಾದ್ರೆ ಅದು ಅಂಟಿಸೋ ಜಾಗಕ್ಕೆ ಎಣ್ಣೆ, ಪೌಡರ್ ಏನೂ ತಾಗ್ಬಾರ್ದು. ದಿನಕ್ಕೊಂದು ಪಟ್ಟಿ. ಹಳೇದು ತೆಗೆದೇ ಹೊಸದು ಹಾಕ್ಬೇಕು. ಕೈ ಬದಲಾಗೋ ಮನೇಲಿ ಹಳೇದು ಬೆನ್ನಲ್ಲೇ ಉಳಿದು ಎರಡು ಮೂರು ಪಟ್ಟಿ ಆಗಿ ವಾಂತಿ, ತಲೆಸುತ್ತು, ನಾಡಿ ನಿಧಾನ ಆಗೋ ಅಪಾಯ ಇದೆ. ಅದೇ ಜಾಗಕ್ಕೆ 14 ದಿನ ಮತ್ತೆ ಹಾಕೋ ಹಾಗಿಲ್ಲ. ಪಟ್ಟಿ ಬೆನ್ನಲ್ಲಿಟ್ಟುಕೊಂಡು ಬಚ್ಚಲೊಲೆ ಮುಂದೆ ಕಾಯಿಸ್ಕೊಳ್ಳೋದೂ ಬೇಡ, ಶಾಖಕ್ಕೆ ಔಷಧಿ ಜಾಸ್ತಿ ಒಳಗೆ ಹೋಗಬಹುದು. ಸಾಮಾನ್ಯ ಸ್ನಾನಕ್ಕೆ ತೊಂದರೆ ಇಲ್ಲ. ಹಾಳೆ ಮೇಲೆ ಬೆನ್ನಿನ ಚಿತ್ರ ಬರೆದು ಇವತ್ತಿನದು ಎಲ್ಲಿ ಅಂತ ದಿನಾಂಕ ಹಾಕಿ.

ಹೊಸನಗರದ_ಸೊಸೆ
ಅತ್ತೆಗೆ ಆ ಪಟ್ಟಿಯೇ ಇದೆ! ಸೊಂಟಕ್ಕೆ ಎಣ್ಣೆ ಹಚ್ಚಿ ಅಲ್ಲೇ ಅಂಟಿಸ್ತಿದ್ವಿ, ಅದಕ್ಕೇ ಬಿದ್ದುಹೋಗ್ತಿತ್ತು. ಸೀರೆ ವಿಷಯ, ಹಲ್ಲಿನ ವಿಷಯ ಹೇಳಿ.

ಕೊಪ್ಪದ_ಕೂಸು
ಸೀರೆ ಬಿಡಿಸಿ ನೈಟಿ ಹಾಕಿಬಿಡಿ, ಸುಲಭ.

ತುಂಗಾತೀರ
ಯಾರಿಗೆ ಸುಲಭ? ಅರವತ್ತು ವರ್ಷ ಸೀರೆ ಉಟ್ಟವರಿಗೆ ನೈಟಿ ಹಾಕಿದ್ರೆ ಸೆರಗು ಹುಡುಕ್ತಾ ಇರ್ತಾರೆ. ಹಳೇ ಹತ್ತಿ ಸೀರೆಗೆ ನೆರಿಗೆ ಹಿಡಿದು ಹೊಲಿಸಿ, ಸೊಂಟಕ್ಕೆ ಎಲಾಸ್ಟಿಕ್ ಕೊಡಿಸಿ, ಲಂಗದ ಹಾಗೆ ಎಳೆದ್ರಾಯ್ತು, ಸೆರಗು ಮಾತ್ರ ಬಿಡಿ. ಅಂಚು ಹಿಮ್ಮಡಿಗಿಂತ ನಾಲ್ಕು ಬೆರಳು ಮೇಲಿರಲಿ. ಕುಪ್ಪಸಕ್ಕೆ ಹುಕ್ಕಿನ ಬದಲು ಮುಂದೆ ವೆಲ್ಕ್ರೋ. ಸೀರೆ ಮೇಲೆ ಸೀರೆ ಉಡೋದು ಯಾಕಂದ್ರೆ ಕಪಾಟಲ್ಲಿ ಕಾಣುತ್ತೆ, ಉಟ್ಟಿದ್ದು ಮರೆತಿರುತ್ತೆ, ಇಲ್ಲಾ ಚಳಿ ಆಗ್ತಿರುತ್ತೆ. ಕಪಾಟಿಗೆ ಬೀಗ ಹಾಕಿ ಆ ದಿನದ ಒಂದೇ ಜೊತೆ ಹೊರಗಿಡಿ. ಎರಡನೇದು ಉಟ್ಟುಬಿಟ್ರೆ ಜಗಳ ಬೇಡ, ಬೆವರ್ತಿದ್ರೆ ಮಾತ್ರ ಬಿಡಿಸಿ.

ಒಂದು ಕೈ ಬಿಗಿದಿದ್ರೆ ತೊಡಿಸುವಾಗ ಆ ಕೈ ಮೊದಲು, ತೆಗೆಯುವಾಗ ಕೊನೇಗೆ. ಬಟ್ಟೆ ಹಾಕೋವಾಗ, ಭುಜ ಎತ್ತುವಾಗ ಮಾತ್ರ ಕಿರುಚಿದ್ರೆ ಅದು ಸಿಟ್ಟಲ್ಲ, ನೋವು. ಡಾಕ್ಟ್ರನ್ನ ಕೇಳಿ ಪ್ಯಾರಾಸಿಟಮಾಲ್ ಸ್ನಾನಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಕೊಡಬಹುದು.

ತಾಳಿ, ಬಳೆ, ಜನಿವಾರ ಇಂಥವನ್ನ ತೆಗೆಯೋಕೆ ಹೋಗ್ಲೇಬೇಡಿ. ಅಲ್ಲೇ ಜಗಳ ಶುರುವಾಗೋದು.

ಹಲ್ಲುಡಾಕ್ಟ್ರು_ತೀರ್ಥಹಳ್ಳಿ
ಸೆಟ್ಟು ರಾತ್ರಿ ತೆಗೆದು ಬ್ರಷ್ ಮಾಡಿ ತಣ್ಣೀರಲ್ಲಿ ಮುಳುಗಿಸಿಡಬೇಕು. ಬಿಸಿನೀರು ಹಾಕಿದ್ರೆ ಸೊಟ್ಟ ಆಗುತ್ತೆ. ಟೂತ್‌ಪೇಸ್ಟ್ ಗೀರುತ್ತೆ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಸಾಕು, ಚೆನ್ನಾಗಿ ತೊಳೀರಿ. ತೊಳೆಯುವಾಗ ಕೆಳಗೆ ನೀರು ತುಂಬಿದ ಪಾತ್ರೆ ಇಡಿ, ಕಲ್ಲಿನ ಮೇಲೆ ಬಿದ್ರೆ ಎರಡು ಹೋಳು. ತೆಗೆಯೋಕೆ ಬಿಡದಿದ್ರೆ ಬಾಯಿಗೆ ಬೆರಳು ಹಾಕ್ಬೇಡಿ, ಕಚ್ಚಿಬಿಡ್ತಾರೆ. ಬಾಯಿ ಮುಕ್ಕಳಿಸೋ ನೀರು ಕೊಟ್ಟು, ಎದುರಿಗೆ ನೀವೇ ಬಾಯಿ ತೆಗೆದು ತೋರಿಸಿ. ಆಗಲಿಲ್ಲಾಂದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ.

ಸ್ವಂತ ಹಲ್ಲಿದ್ರೆ ಸಣ್ಣ ತಲೆಯ ಮೆತ್ತನೆ ಬ್ರಷ್, ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್. ಉಗುಳೋದು ಮರೆತವರಿಗೆ ಇನ್ನೂ ಕಮ್ಮಿ, ಅಕ್ಕಿಕಾಳಿನಷ್ಟು. ಎದುರು ನಿಂತು ಬ್ರಷ್ ತಂದ್ರೆ ಹೊಡೆಯೋಕೆ ಬಂದ ಹಾಗೆ ಕಾಣುತ್ತೆ. ಪಕ್ಕದಲ್ಲಿ ನಿಂತು, ಬ್ರಷ್ ಅವರ ಕೈಗೆ ಕೊಟ್ಟು, ಆ ಕೈ ಹಿಡಿದು ಶುರು ಮಾಡಿಸಿ. ಬಾಯಿ ಗಲೀಜಿದ್ರೆ ಆ ಕೀಟಾಣು ಎಂಜಲ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಅದಕ್ಕೇ ಸ್ನಾನ ತಪ್ಪಿದ್ರೂ ಬಾಯಿ ತಪ್ಪಿಸ್ಬೇಡಿ.

ಕವಳ ಹಾಕೋರಾದ್ರೆ ಅಡಿಕೆ ಹೋಳು ನಿಲ್ಲಿಸಿ. ದವಡೇಲಿ ಇಟ್ಕೊಂಡು ಮರೆತು ಮಲಗಿದ್ರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಸುಣ್ಣದ ಡಬ್ಬಿ ಕೈಗೆ ಸಿಗಬಾರದು, ಬೆಣ್ಣೆ ಅಂತ ತಿಂದು ಬಾಯಿ ಸುಟ್ಕೊಳ್ಳಬಹುದು.

ಅಡಿಕೆಹಾಳೆ
ಮಲೆನಾಡಲ್ಲಿ ಅಡಿಕೆ ನಿಲ್ಲಿಸೋದಾ, ಡಾಕ್ಟ್ರೇ! ಮನೆ ತುಂಬಾ ಅದೇ ಬಿದ್ದಿರುತ್ತೆ.

ಒಂದೆಲಗ_ತಂಬುಳಿ
ಇಷ್ಟೆಲ್ಲಾ ಯಾಕೆ, ದಿನಾ ಒಂದೆಲಗದ ತಂಬುಳಿ ಕೊಡಿ. ಮೂರು ತಿಂಗಳಲ್ಲಿ ನೆನಪು ವಾಪಸ್ ಬರುತ್ತೆ.

ಬಿಳಿಕೋಟು_ಸಾಗರ
ತಂಬುಳಿ ಉಣ್ಣಲಿ, ಊಟಕ್ಕೆ ಒಳ್ಳೇದು. ಹೋದ ನೆನಪು ಅದರಿಂದ ವಾಪಸ್ ಬರಲ್ಲ. ಅದನ್ನ ನಂಬಿ ಮಾತ್ರೆ ನಿಲ್ಲಿಸ್ಬೇಡಿ.

ಒಂದೆಲಗ_ತಂಬುಳಿ
ಹಿರಿಯರು ಸುಮ್ನೆ ಹೇಳಿದ್ರಾ?

ತುಂಗಾತೀರ
ಬೇರೆ ಕಡೆ ಜಗಳ ಮಾಡಿ, ಇಲ್ಲಿ ಕಕ್ಕಸಿನ ವಿಷಯ ಇನ್ನೂ ಬಾಕಿ ಇದೆ.

ಬಿಳಿಕೋಟು_ಸಾಗರ
ಬರೀತೀನಿ. ಎದ್ದ ಕೂಡ್ಲೆ, ಪ್ರತಿ ಊಟ ತಿಂಡಿ ಆದ ಮೇಲೆ, ಮಲಗೋ ಮುಂಚೆ, ನಡುವೆ ಎರಡು ಎರಡೂವರೆ ಗಂಟೆಗೊಮ್ಮೆ. "ಹೋಗ್ಬೇಕಾ?" ಅಂತ ಕೇಳಿದ್ರೆ "ಬೇಡ" ಅಂತಾರೆ. "ಬನ್ನಿ ಅತ್ತೆ, ಹೋಗಿ ಬರೋಣ" ಅಂತ ಕೈ ನೀಡಿ. ಹೇಳಿದ್ದು ತಲೆಗೆ ಹೋಗೋಕೆ ಹತ್ತು ಸೆಕೆಂಡಾದ್ರೂ ಬೇಕು, ಅಷ್ಟರಲ್ಲಿ ಇನ್ನೊಂದು ಮಾತು ಸೇರಿಸ್ಬೇಡಿ. ಹೊಟ್ಟೆ ಖಾಲಿಯಾಗೋಕೆ ಒಳ್ಳೇ ಹೊತ್ತು ಬೆಳಗಿನ ತಿಂಡಿ ಆಗಿ ಇಪ್ಪತ್ತು ಮೂವತ್ತು ನಿಮಿಷಕ್ಕೆ. ಆಗ ಕಮೋಡಿನ ಮೇಲೆ ಹತ್ತು ನಿಮಿಷ, ಕಾಲ ಕೆಳಗೆ ಸಣ್ಣ ಮಣೆ.

ಹೊರಗಿನ ಕಕ್ಕಸು ರಾತ್ರಿ ಬೇಡ. ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಬಿಳಿ ಗೋಡೆಗೆ ಬಿಳಿ ಸೀಟು ಅವರಿಗೆ ಕಾಣಲ್ಲ, ಸೀಟಿಗೆ ಗಾಢ ನೀಲಿ ಟೇಪು ಸುತ್ತಿ. ಕೆಂಪು ಗಾರೆ ನೆಲದ ಮೇಲೆ ಕಪ್ಪು ಮ್ಯಾಟು ಹಾಕಿದ್ರೆ ಹಳ್ಳ ಅನ್ಕೊಂಡು ಅಲ್ಲೇ ನಿಂತುಬಿಡ್ತಾರೆ. ನೆಲ ಫಳಫಳ ಹೊಳೆದ್ರೆ ನೀರು ನಿಂತಿದೆ ಅಂತ ಹೆದರ್ತಾರೆ. ರಾತ್ರಿಯಿಡೀ ಸಣ್ಣ ದೀಪ, ಕರೆಂಟ್ ಹೋದ್ರೂ ಉರಿಯೋ ರೀಚಾರ್ಜ್ ಥರದ್ದು.

ಮಾಡ್ಕೊಂಡುಬಿಡ್ತಾರೆ ಅಂತ ನೀರು ಕಮ್ಮಿ ಮಾಡೋದು ದೊಡ್ಡ ತಪ್ಪು. ಮೂತ್ರ ಗಟ್ಟಿಯಾಗಿ ಇನ್ನೂ ಅವಸರ ಆಗುತ್ತೆ, ಮಲಬದ್ಧತೆಯೂ ಬರುತ್ತೆ. ಹೃದಯ, ಕಿಡ್ನಿ ತೊಂದರೆಗೆ ಡಾಕ್ಟ್ರು ಮಿತಿ ಹಾಕಿಲ್ಲಾಂದ್ರೆ ದಿನಕ್ಕೆ ಒಂದೂವರೆ ಲೀಟರ್: 150 ಮಿಲಿ ಲೋಟದಲ್ಲಿ ಹತ್ತು. ಕಷಾಯ, ಗಂಜಿತಿಳಿ, ಮಜ್ಜಿಗೆ ಎಲ್ಲಾ ಲೆಕ್ಕಕ್ಕೆ. ಸಂಜೆ ಏಳರ ಮೇಲೆ ಕಮ್ಮಿ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಗೊಂದಲ ಜಾಸ್ತಿ ಆದ್ರೆ, ಇಲ್ಲಾ ಪೂರಾ ಮಂಕಾದ್ರೆ ಕಾಯಿಲೆ ಬೆಳೀತು ಅಂತ ಸುಮ್ನಿರ್ಬೇಡಿ. ಮೂತ್ರದ ಸೋಂಕು, ಮಲ ಕಟ್ಟಿದ್ದು, ಜ್ವರ, ಹೊಸ ಮಾತ್ರೆ, ಯಾವುದಾದ್ರೂ ಇರಬಹುದು. ಅದೇ ದಿನ ಡಾಕ್ಟ್ರಿಗೆ ತೋರಿಸಿ.

ಮಗ_ಬೆಂಗಳೂರಲ್ಲಿ
ಇಷ್ಟು ಕಷ್ಟ ಯಾಕೆ, 24 ಗಂಟೆ ಡಯಪರ್ ಹಾಕಿಬಿಟ್ರೆ ಆಗಲ್ವಾ?

ಕೊಪ್ಪದ_ಕೂಸು
ಬಂತು ನೋಡಿ ಬೆಂಗಳೂರಿನ ಸಲಹೆ.

ತುಂಗಾತೀರ
ಕಕ್ಕಸಿಗೆ ಹೋಗೋ ಶಕ್ತಿ ಇರೋರಿಗೆ ಹಗಲು ಡಯಪರ್ ಹಾಕಿ ಬಿಟ್ರೆ ಹೋಗೋದನ್ನೇ ಮರೀತಾರೆ. ರಾತ್ರಿಗೆ, ದೂರ ಪ್ರಯಾಣಕ್ಕೆ ಸರಿ. ಹಾಕಿದ್ರೂ ಮೂರು ನಾಲ್ಕು ಗಂಟೆಗೆ ಬದಲು, ಮಲ ಆದ್ರೆ ಆ ಕ್ಷಣ. ಹೆಂಗಸರಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಿ. ಜಿಂಕ್ ಆಕ್ಸೈಡ್ ಮುಲಾಮು ತೆಳ್ಳಗೆ ಸಾಕು. ಮೇಲೆ ಪೌಡರ್ ಸುರಿದ್ರೆ ಗಂಟುಕಟ್ಟಿ ಚರ್ಮ ಉಜ್ಜುತ್ತೆ.

ಜಡಿಮಳೆ
ಬಟ್ಟೆ ಪ್ಯಾಡ್ ಬಳಸಿ, ದುಡ್ಡೂ ಉಳಿಯುತ್ತೆ.

ಬಚ್ಚಲೊಲೆ
ಜುಲೈನಲ್ಲಿ ಒಣಗಿಸಿ ತೋರಿಸಿ. ಅರೆಬರೆ ಒಣಗಿದ್ದು ಹಾಕಿದ್ರೆ ತೊಡೆಸಂದಿಗೆ ಹುಳುಕಡ್ಡಿ. ಒಲೆ ಮೇಲಿನ ಗಳಕ್ಕೆ ಹಾಕಿ ಪೂರ್ತಿ ಒಣಗಿಸೋಕಾದ್ರೆ ಮಾತ್ರ. ಹಾಗೇ ಬಳಸಿದ ಡಯಪರ್ ಬಚ್ಚಲೊಲೆಗೆ ತುರುಕ್ಬೇಡಿ, ಒಳಗೆ ಪ್ಲಾಸ್ಟಿಕ್ ಇರುತ್ತೆ. ಮಲ ಕಕ್ಕಸಿಗೆ ಕೊಡವಿ, ಪೇಪರಲ್ಲಿ ಸುತ್ತಿ ಗುರುತು ಹಾಕಿ ಪಂಚಾಯ್ತಿ ಗಾಡಿಗೆ ಬೇರೆಯಾಗಿ ಕೊಡಿ.

ಹೊಸನಗರದ_ಸೊಸೆ
ಎಲ್ಲರಿಗೂ ಧನ್ಯವಾದ. ಹಾಳೆ ಹೀಗೆ ಬರೆದಿದೀನಿ, ತಪ್ಪಿದ್ರೆ ಹೇಳಿ:

6.30 ಎದ್ದ ಕೂಡ್ಲೆ ಕಮೋಡ್, ಪ್ಯಾಡ್ ತೆಗೆ, ತೊಳೆ. 7ಕ್ಕೆ ಮುಖ (ಅವರೇ), ಸೆಟ್ಟು ಹಾಕು, ಕುಂಕುಮ (ಅವರೇ), ಕಾಫಿ. 8ಕ್ಕೆ ತಿಂಡಿ, ಮಾತ್ರೆ, ಹಳೇ ಪಟ್ಟಿ ತೆಗೆದು ಹೊಸದು. 8.30ಕ್ಕೆ ಕಮೋಡ್ ಹತ್ತು ನಿಮಿಷ. 10.30 ಕಮೋಡ್, ಆಮೇಲೆ ಸೋಮ ಗುರು ಶನಿ ಸ್ನಾನ, ಉಳಿದ ದಿನ ಒರೆಸೋದು. ಶನಿವಾರ ಮಾತ್ರ ತಲೆಗೆ. ಹೇಳೋ ಮಾತು: "ನೀರು ಕಾದಿದೆ, ಕಾಲು ತೊಳೆಯೋಣ ಬನ್ನಿ." ಬೇಡ ಅಂದ್ರೆ ಇಪ್ಪತ್ತು ನಿಮಿಷ ಬಿಟ್ಟು ಬೇರೆಯವರು ಕರೀಬೇಕು. ಎರಡನೇ ಸಲವೂ ಬೇಡ ಅಂದ್ರೆ ಆ ದಿನ ಒರೆಸೋದು ಅಷ್ಟೇ. 1ಕ್ಕೆ ಊಟ, ಬಾಯಿ ಮುಕ್ಕಳಿಸೋದು, ಕಮೋಡ್. 3.30 ಕಮೋಡ್, ಕಾಫಿ. 6ಕ್ಕೆ ದೀಪ, ಕಮೋಡ್. 7.30 ಊಟ. 8.30 ಸೆಟ್ಟು ತೆಗೆ, ಕಮೋಡ್, ರಾತ್ರಿ ಪ್ಯಾಡ್.
ಕೆಳಗೆ ಖಾನೆ: ಎಷ್ಟು ಲೋಟ, ಮಲ ಆಯ್ತಾ, ಚರ್ಮ ಕೆಂಪಾಗಿದ್ಯಾ, ಯಾರು ನೋಡ್ಕೊಂಡ್ರು.

ಬಿಳಿಕೋಟು_ಸಾಗರ
ಚೆನ್ನಾಗಿದೆ ಅಕ್ಕಾ. ಮೂರು ದಿನ ಮಲ ಆಗದಿದ್ರೆ ಯಾರಿಗೆ ಫೋನು ಅಂತ ಸೇರಿಸಿ. 14567 ಹಿರಿಯ ನಾಗರಿಕರ ಸಹಾಯವಾಣಿ, 14416 ಟೆಲಿ ಮಾನಸ್ ಅಂದ್ರೆ ಮಾನಸಿಕ ಆರೋಗ್ಯದ ಸಹಾಯವಾಣಿ, ಎರಡೂ ಅಲ್ಲೇ ಬರೆದಿಡಿ. ಎರಡನೇದು ನಿಮಗೂ, ರಾತ್ರಿ ಅವರು ನಿದ್ದೆ ಕೊಡದಿದ್ದಾಗ.

ಫಿಸಿಯೋ_ಭದ್ರಾವತಿ
ಒರೆಸೋ ದಿನ ಎಷ್ಟು ನೀರು, ಹೇಗೆ ಅಂತ ಬರೆದಿಲ್ಲ. ಹಗಲು ಬರೋರಿಗೆ ಅದು ಗೊತ್ತಿರಲ್ಲ.

ತುಂಗಾತೀರ
ಎರಡು ಲೀಟರ್ ಬಿಸಿನೀರಿಗೆ ಮಗುವಿನ ಲಿಕ್ವಿಡ್ ಸೋಪು ಒಂದು ಸಣ್ಣ ಚಮಚ, ಮೂರು ಸಣ್ಣ ಬಟ್ಟೆ. ಒಂದು ಮುಖಕ್ಕೆ, ಸೋಪಿಲ್ಲದೆ. ಒಂದು ಕಂಕುಳು, ಎದೆ ಕೆಳಗೆ. ಒಂದು ಕೆಳಭಾಗಕ್ಕೆ, ಅದು ಕೊನೇಗೆ. ಆಮೇಲೆ ಬರೀ ಬಿಸಿನೀರಲ್ಲಿ ಒಂದು ಸಲ ಒರೆಸಿ ಒತ್ತಿ ಒಣಗಿಸಿ. ಬಟ್ಟೆಗಳ ಬಣ್ಣ ಬೇರೆ ಬೇರೆ ಇರಲಿ, ಅದಲು ಬದಲಾಗಲ್ಲ.

ಅಡಿಕೆಹಾಳೆ
ದೀಪ ಆರಕ್ಕೆ ಅಂದ್ರೆ ತಡ ಆಯ್ತು. ಕೊಯ್ಲಿನ ಹೊತ್ತಲ್ಲಿ ತೋಟದ ಕೆಳಗಿನ ಮನೆಗಳಿಗೆ ಐದಕ್ಕೇ ಕತ್ತಲು, ಮಳೆ ಬಂದ್ರೆ ನಾಲ್ಕೂವರೆಗೆ. ಕತ್ತಲಾಗೋ ಮುಂಚೆ ಹಾಕಿ.

ಹೊಸನಗರದ_ಸೊಸೆ
ತಿದ್ದಿದೆ, 4.30 ಅಂತ ಮಾಡಿದೀನಿ. ಜಂಬಿಟ್ಟಿಗೆ ಗೋಡೆಗೆ ಬೋಲ್ಟ್ ಎಷ್ಟು ಉದ್ದದ್ದು ತರ್ಲಿ?

ಫಿಸಿಯೋ_ಭದ್ರಾವತಿ
ಗೋಡೆ ದಪ್ಪ ಅಳೆದು, ಪಟ್ಟಿ, ವಾಷರ್, ನಟ್ಟಿಗೆ ಅಂತ ಎರಡು ಇಂಚು ಜಾಸ್ತಿ. ಉದ್ದದ ಬೋಲ್ಟ್ ಸಿಗದಿದ್ರೆ ಉದ್ದಕ್ಕೂ ಮರೆ (ಥ್ರೆಡ್) ಹಾಕಿದ ರಾಡು ಕೇಳಿ, ಎರಡೂ ಕಡೆ ನಟ್ ಕೊಟ್ಟು ಬಿಗಿಬಹುದು. ಸ್ಟೇನ್‌ಲೆಸ್ ಸ್ಟೀಲ್ ತನ್ನಿ, ಬಚ್ಚಲಲ್ಲಿ ಬೇರೆದು ತುಕ್ಕು ಹಿಡಿಯುತ್ತೆ.